ಮಗುವಿಗೆ ಮುತ್ತಜ್ಜನ ಹೆಸರಿಡಬಹುದೇ? ಅನುಭವವಿದ್ದವರು ತಿಳಿಸಿ

ಕುಂಬಳೆಯಿಂದ (ಪ್ರಶ್ನೆ):
ನಮಗೆ ಗಂಡು ಮಗು ಹುಟ್ಟಿದೆ. ಜನನ ನೋಂದಣಿಯಾಗಿದೆ, ಹೆಸರಿನ ಜಾಗ ಖಾಲಿಯಿದೆ. ತಮ್ಮ ತಂದೆಯ ಹೆಸರಾದ ‘ತುಕ್ರ’ವನ್ನೇ ಇಡಬೇಕೆಂದು ಮಾವನವರ ಹಟ. ದುಬೈಯಲ್ಲಿರುವ ಪತಿಗೆ ಎಲ್ಲಿಯೂ ಸಲ್ಲುವ, ಒಳ್ಳೆಯ ಅರ್ಥದ ಚಿಕ್ಕ ಹೆಸರು ಬೇಕು. ತಾವೆಲ್ಲ ಏನು ಮಾಡಿದಿರಿ?

ಉಪ್ಪಳದಿಂದ:
ಅರ್ಥ ಆಮೇಲೆ ನೋಡೋಣ, ಮೊದಲು ಎರಡು ಭಾಗಗಳ ಹೆಸರಿಡಿ. ನನ್ನ ಪಾಸ್‌ಪೋರ್ಟಿನಲ್ಲಿದ್ದದ್ದು ಒಂದೇ ಹೆಸರು. ಸಂದರ್ಶಕ ವೀಸಾದಲ್ಲಿ ಬರುವ ಒಂಟಿ ಹೆಸರಿನವರನ್ನು 2022ರ ನವೆಂಬರ್ 21ರಿಂದ ಒಳಬಿಡುವುದಿಲ್ಲವೆಂದು ಯುಎಇ ಹೇಳಿದ ವಾರದಲ್ಲೇ ನಾನು ತಮ್ಮನ ಬಳಿಗೆ ಹೊರಟಿದ್ದೆ. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂಬ ವಿವರಣೆಯೂ ಬಂದಿತ್ತು. ಅದು ವಿಮಾನ ನಿಲ್ದಾಣದ ಕೌಂಟರಿನ ಹುಡುಗನಿಗೆ ತಲುಪಿರಲಿಲ್ಲ. ಟಿಕೆಟಿಗೆ 21,400 ರೂಪಾಯಿ, ವೀಸಾಕ್ಕೆ 7,500, ಕಾರಿನ ಬಾಡಿಗೆ ಬೇರೆ. ಮರಳಿ ಬಂದದ್ದು ತೆರಿಗೆಯ ಪುಡಿಗಾಸು. ಸುಕರ್ಣೊ ಒಂಟಿ ಹೆಸರಿನಲ್ಲೇ ಇಂಡೋನೇಷ್ಯಾವನ್ನು ಆಳಿದರು, ನನಗೆ ಕೌಂಟರನ್ನೂ ದಾಟಲಾಗಲಿಲ್ಲ.

ಮೊಗ್ರಾಲಿನಿಂದ:
ಎರಡು ಭಾಗವೆಂದು ಹೇಳುವುದು ಸುಲಭ. ನನ್ನ ಮಗ ಅಬ್ದುಲ್ ರಹಿಮಾನ್. ‘ಪರಮ ದಯಾಮಯನ ದಾಸ’ ಎಂಬ ಒಂದೇ ಹೆಸರು ಅದು. ಕಂಪನಿಯವರು ಅದನ್ನು ಎರಡು ಕಾಲಮಿಗೆ ಒಡೆದು ‘ಮಿಸ್ಟರ್ ಅಬ್ದುಲ್’ ಎಂದು ಕರೆಯುತ್ತಾರೆ. ಯಾರ ದಾಸ ಎಂಬುದೇ ಹಾರಿಹೋಯಿತು.

ಮುಳ್ಳೇರಿಯದಿಂದ:
ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ಹವ್ಯಕರಾದ ನಮ್ಮಲ್ಲಿ ವಾಡಿಕೆ, ಅದರಂತೆ ನಾರಾಯಣನೆಂದೇ ಇಟ್ಟೆವು. ಮಲಯಾಳದಲ್ಲಿ ರಾಮನ್, ಕೃಷ್ಣನ್ ಎಂದಿರುವುದನ್ನೇ ಕಂಡ, ಕೇರಳಕ್ಕೆ ಸೇರಿದ ನಮ್ಮೂರಿನ ಗುಮಾಸ್ತರೊಬ್ಬರು ಶಾಲೆಯ ದಾಖಲೆಯಲ್ಲಿ ‘ನಾರಾಯಣನ್’ ಎಂದು ಬರೆದರು. ಆ ಒಂದು ‘ನ್’ ತೆಗೆಸಲು ಅಫಿಡವಿಟ್, ನೋಟರಿ, ಗಜೆಟ್ ಪ್ರಕಟಣೆ ಎಂದು ಅಲೆದು, ಕಡೆಗೆ ಆಧಾರ್ ಸರಿಯಾದಾಗ ಬ್ಯಾಂಕಿನ ಪುಸ್ತಕ ತಪ್ಪಾಗಿತ್ತು. ಜನನ ನೋಂದಣಿಯಲ್ಲಿ ಹೆಸರನ್ನು ಹನ್ನೆರಡು ತಿಂಗಳೊಳಗೆ ಬರೆಸಿದರೆ ಶುಲ್ಕವಿಲ್ಲ, ಆಮೇಲೆ ಹದಿನೈದು ವರ್ಷದವರೆಗೆ ತಡವಾದದ್ದಕ್ಕೆ ದಂಡ ಕಟ್ಟಬೇಕು; ಪ್ರತಿ ಅಕ್ಷರವನ್ನೂ ಎದುರು ನಿಂತು ನೋಡಿ. ಇಷ್ಟಾದರೂ ಕಿಯಾನ್, ವಿಯಾನ್ ಎಂಬ ತಲೆಬುಡವಿಲ್ಲದ ಹೆಸರುಗಳಿಗಿಂತ ನಮ್ಮದು ಮೇಲು.

ಹೊಸಂಗಡಿಯಿಂದ:
ತಲೆಬುಡವಿಲ್ಲವೆಂದು ತಾವು ಹೇಗೆ ನಿರ್ಧರಿಸಿದಿರಿ? ನನ್ನ ಮಗನ ಹೆಸರು ಕಿಯಾನ್. ಪಾರಸಿಯಲ್ಲಿ ‘ಕೈ’ ಎಂದರೆ ದೊರೆ, ‘ಕಿಯಾನ್’ ಅದರ ಬಹುವಚನ. ಇರಾನಿನ ಪುರಾಣದ ಕಯಾನಿ ಅರಸರನ್ನು ಹೀಗೆ ಕರೆಯುತ್ತಾರೆ. ಇದನ್ನು ‘ದೇವರ ಕೃಪೆ’ ಎಂಬ ಸಂಸ್ಕೃತ ಪದವೆಂದು ಮಾರುವ ಹೆಸರುಗಳ ಪಟ್ಟಿಗಳನ್ನು ಬೇಕಾದರೆ ಬಯ್ಯಿರಿ. ಯಾವ ಗುಮಾಸ್ತರೂ ನಮ್ಮ ಹೆಸರಿಗೆ ಬಾಲ ಹಚ್ಚಲಿಲ್ಲ.

ಮುಳ್ಳೇರಿಯದಿಂದ:
ಹಚ್ಚಲು ಜಾಗವೆಲ್ಲಿದೆ? ‘ನ್’ ಮೊದಲೇ ಇದೆಯಲ್ಲ!

ಪೆರ್ಲದಿಂದ:
ಕೇಳಿದ್ದು ತುಕ್ರನ ವಿಚಾರ. ನನ್ನ ಮಗನಿಗೆ ಆ ಹೆಸರನ್ನೇ ಇಟ್ಟಿದ್ದೇನೆ, ಹೆಮ್ಮೆಯಿದೆ. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ಚನಿಯ: ತುಳುವರ ಈ ಹೆಸರುಗಳು ಹುಟ್ಟಿದ ವಾರವನ್ನು ಹೇಳುತ್ತವೆ. ಆಫ್ರಿಕಾದ ಘಾನಾದಲ್ಲಿ ಅಕಾನ್ ಜನರದ್ದೂ ಇದೇ ಕ್ರಮ, ಶುಕ್ರವಾರದ ಗಂಡುಮಗು ಅಲ್ಲಿ ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ನಮ್ಮೂರಿನಲ್ಲಿ ಹುಟ್ಟಿದ್ದರೆ ಅವರು ತುಕ್ರ. ಇದಕ್ಕಿಂತ ಅಂತರರಾಷ್ಟ್ರೀಯ ಹೆಸರು ಬೇಕೇ?

ಬದಿಯಡ್ಕದಿಂದ:
ಪೆರ್ಲದವರೇ, ಹೋಲಿಕೆ ಅರ್ಧಕ್ಕೇ ನಿಂತಿತು. ಘಾನಾದಲ್ಲಿ ಅರಸನ ಮಗನಿಗೂ ರೈತನ ಮಗನಿಗೂ ವಾರದ ಹೆಸರಿದೆ. ದೇಶದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಅವರ ‘ಕ್ವಾಮೆ’ ಶನಿವಾರದ್ದು. ಇಲ್ಲಿಯೋ, ಒಕ್ಕಲಿನವರು ದೇವರ ಹೆಸರಿಟ್ಟರೆ ಒಡೆಯರು ಒಪ್ಪುತ್ತಿರಲಿಲ್ಲವೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಒಡೆಯರ ಮನೆಯಲ್ಲಿ ಹುಟ್ಟಿದ ಒಬ್ಬ ತುಕ್ರನನ್ನು ತೋರಿಸಿ. ನನ್ನ ತಂದೆ ಚನಿಯ, ನಾನು ಮಗನಿಗೆ ಸಿದ್ಧಾರ್ಥನೆಂದು ಇಟ್ಟೆ.

ಪೆರ್ಲದಿಂದ:
ತೋರಿಸಲಾರೆ. ನಾವೇ ಬಿಟ್ಟರೆ ಆ ಹೆಸರು ಬೈಗುಳವಾಗಿಯೇ ಉಳಿಯುತ್ತದೆಂದು ಉಳಿಸಿಕೊಂಡೆ. ಹಾಜರಿ ಕರೆಯುವಾಗ ನಗುತ್ತಿದ್ದವರು ಈಗ ನಗುವುದಿಲ್ಲ.

ಬದಿಯಡ್ಕದಿಂದ:
ನಿಮ್ಮ ಮಗ ತಾಳಿಕೊಂಡ. ನನ್ನ ತಂದೆ ಆ ನಗು ತಾಳಲಾರದೆ ಐದನೆಯ ತರಗತಿಗೇ ಶಾಲೆ ಬಿಟ್ಟರು.