ಅಂಗಡಿಗೆ ಫೋನ್ ಸಿಸ್ಟಂ: ಬಾಡಿಗೆ ಕ್ಲೌಡಾ, ಸ್ವಂತ ಪಿಬಿಎಕ್ಸಾ? ಅನುಭವ ಇದ್ದವರು ಹೇಳಿ

ಕೇಳಿದವರು: ಶಿವಮೊಗ್ಗ, ಕೃಷಿ ಯಂತ್ರದ ಅಂಗಡಿ

ನಮ್ಮದು ಅಡಿಕೆ ಸುಲಿಯೋ ಯಂತ್ರ, ದೋಟಿ, ಸ್ಪ್ರೇಯರ್, ಪಂಪ್‌ಸೆಟ್ ಮಾರಾಟ ಮತ್ತು ರಿಪೇರಿ. ಸಾಗರ, ತೀರ್ಥಹಳ್ಳಿಯಲ್ಲಿ ಒಂದೊಂದು ಬ್ರಾಂಚ್. ಕೌಂಟರ್, ಸರ್ವಿಸ್, ಲೆಕ್ಕ, ಗೋಡೌನ್ ಎಲ್ಲ ಸೇರಿ ಒಂಬತ್ತು ಕಡೆ ಫೋನ್ ಬೇಕು. ಈಗ ಹುಡುಗರು ಅವರವರ ಮೊಬೈಲ್‌ನಲ್ಲೇ ಮಾತಾಡ್ತಾರೆ. ಹುಡುಗ ಕೆಲಸ ಬಿಟ್ಟರೆ ಗಿರಾಕಿಗಳೂ ಅವನ ಹಿಂದೆ ಹೋಗ್ತಾರೆ. ಯಜಮಾನರು ಕ್ಲೌಡ್ ಅಂತಾರೆ, ಅಂದರೆ ಕರೆ ಹಂಚೋ ಕೆಲಸ ಕಂಪನಿಯವರೇ ಇಂಟರ್ನೆಟ್ ಮೇಲೆ ಮಾಡ್ತಾರೆ, ನಾವು ಬಾಡಿಗೆ ಕಟ್ಟೋದು. ಮಗ ಆಸ್ಟರಿಸ್ಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಸ್ವಂತ ಪಿಬಿಎಕ್ಸೇ (ಅಂಗಡಿಯೊಳಗೇ ಇಟ್ಟು ಕರೆ ಹಂಚೋ ಪೆಟ್ಟಿಗೆ) ಮಾಡೋಣ ಅಂತಾನೆ. ಅಡಿಕೆ ಕೊನೆಕೊಯ್ಲು ಶುರುವಾಗೋ ಮೊದಲು ಮುಗಿಸಬೇಕು. ಮೂರೂ ಕಡೆ ಫೈಬರ್ ಇದೆ, ತೀರ್ಥಹಳ್ಳಿಯಲ್ಲಿ ಮಾತ್ರ ಆಗಾಗ ಕೈಕೊಡುತ್ತೆ.

ಎಪಿಎಂಸಿ ಯಾರ್ಡ್, ಅಡಿಕೆ ಮಂಡಿ

ಸ್ವಂತದ್ದೇ ಹಾಕ್ಸಿ ಅಕ್ಕ. ನಮ್ಮ 08182 ನಂಬರು ನಮ್ಮ ತಂದೆಯವರ ಕಾಲದ್ದು. ಚೀಲದ ಮೇಲೆ, ಪಟ್ಟಿ ಪುಸ್ತಕದ ಮೇಲೆ, ರೈತರ ಮನೆ ಕ್ಯಾಲೆಂಡರಿನ ಮೇಲೆ ಅದೇ ಇದೆ. ಕ್ಲೌಡ್ ಮಾರೋಕೆ ಬಂದವನು "ಇದೇ ನಂಬರ್ ಪೋರ್ಟ್ ಮಾಡ್ಕೊಡ್ತೀವಿ ಸರ್" ಅಂದು ಮುಂಗಡ ಇಸ್ಕೊಂಡು ಹೋದ. ಮೊಬೈಲ್ ನಂಬರನ್ನ 2011ರಿಂದ ದೇಶದಲ್ಲೆಲ್ಲ ಬೇರೆ ಕಂಪನಿಗೆ ಒಯ್ಯಬಹುದು ನಿಜ, ಲ್ಯಾಂಡ್‌ಲೈನಿಗೆ ಆ ಸೌಲಭ್ಯವೇ ಇಲ್ಲ. ಅದು ಅವನಿಗೆ ಗೊತ್ತಿರಲಿಲ್ಲವಾ, ಗೊತ್ತಿದ್ದೇ ಹೇಳಿದನಾ? ಮುಂಗಡದಲ್ಲಿ ವಾಪಸ್ ಬಂದಿದ್ದು ಅರ್ಧ. ಅದಕ್ಕೂ ಎಷ್ಟು ಜಗಳ ಆಯ್ತು ಅಂತ ನಮ್ಮ ಗುಮಾಸ್ತರನ್ನ ಕೇಳಿ.

ಆಮೇಲೆ ಸ್ವಂತದ್ದು ಹಾಕ್ಸಿದೆ. ಚಿಕ್ಕ ಕಂಪ್ಯೂಟರ್ 18,500, ಲ್ಯಾಂಡ್‌ಲೈನ್ ಸೇರಿಸೋ ನಾಲ್ಕು ಪೋರ್ಟಿನ ಗೇಟ್‌ವೇ 16,800, ಮೇಜಿನ ಫೋನ್ ಆರು, ತಲಾ 3,900ರಂತೆ 23,400, ನೆಟ್ ಕೇಬಲ್ಲಲ್ಲೇ ಫೋನಿಗೆ ಕರೆಂಟೂ ಕೊಡೋ ಪಿಓಇ ಸ್ವಿಚ್ 6,200, ಕೇಬಲ್ಲು ಕೂಲಿ 9,000. ಒಟ್ಟು 73,900. ಸಾಫ್ಟ್‌ವೇರಿಗೆ ನಯಾಪೈಸೆ ಇಲ್ಲ. ಏಪ್ರಿಲ್ ಗುಡುಗಿಗೆ ಗೇಟ್‌ವೇ, ಸ್ವಿಚ್ ಎರಡೂ ಸುಟ್ಟವು, ಮತ್ತೆ 23,000. ಅರ್ಥಿಂಗ್ ಗುಂಡಿ ತೆಗೆಸಿ ಸರ್ಜ್ ಪ್ರೊಟೆಕ್ಟರ್ ಹಾಕ್ಸಿದ್ದಕ್ಕೆ 11,000. ಎಲ್ಲ ಕೂಡಿಸಿ 1,07,900. ಅಲ್ಲಿಂದ ಈಚೆಗೆ ಒಂದು ರೂಪಾಯಿ ಖರ್ಚಿಲ್ಲ. ಅಡಿಕೆಯ ದರ ಹೊರಬಿದ್ದ ತಕ್ಷಣ "ರಾಶಿ ಎಷ್ಟು, ಬೆಟ್ಟೆ ಎಷ್ಟು" ಅಂತ ನಾಲ್ಕೂ ಲೈನು ಒಟ್ಟಿಗೆ ಹೊಡ್ಕೊಳ್ತವೆ, ಒಂದೂ ತಪ್ಪಲ್ಲ.

ಆಗುಂಬೆ ಹತ್ತಿರ, ಹೋಮ್‌ಸ್ಟೇ

ಮಂಡಿಯವರು ಪೇಟೆಯಲ್ಲಿ ಕೂತು ಹೇಳ್ತಾರೆ ಮಾರಾಯ್ರೆ. ನಮ್ಮಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಜೂನ್ ಬಂತು ಅಂದ್ರೆ ಮರ ಬೀಳ್ತದೆ, ಕರೆಂಟ್ ಹೋಗ್ತದೆ, ಫೈಬರ್ ತುಂಡಾಗ್ತದೆ. ಸ್ವಂತ ಪೆಟ್ಟಿಗೆ ನಮ್ಮ ಮನೆಯೊಳಗೆ ಇದ್ರೆ ಅದೂ ನಮ್ಮ ಜೊತೆಗೇ ಕತ್ತಲಲ್ಲಿ ಕೂರ್ತದೆ. ಬುಕಿಂಗ್‌ಗೆ ಬೆಂಗಳೂರಿಂದ ಕರೆ ಮಾಡಿದವರಿಗೆ ಬರೀ ರಿಂಗ್ ಕೇಳ್ತದೆ, ಅವರು ಮುಂದಿನ ಹೋಮ್‌ಸ್ಟೇಗೆ ಮಾಡ್ತಾರೆ. ಕ್ಲೌಡ್‌ನಲ್ಲಿ ಹಾಗಲ್ಲ. ಕರೆ ಅವರ ಡೇಟಾ ಸೆಂಟರಿನಲ್ಲಿ ಎತ್ತಿ ಆಗ್ತದೆ. ಮೊದಲು ನನ್ನ ಮೊಬೈಲ್, ಸಿಗ್ನಲ್ ಇಲ್ಲದಿದ್ರೆ ಶಿವಮೊಗ್ಗದಲ್ಲಿರೋ ನಾದಿನಿ ಮೊಬೈಲ್, ಅವಳೂ ಎತ್ತದಿದ್ರೆ ಹೆಸರು ನಂಬರು ರೆಕಾರ್ಡ್ ಆಗಿ ಮೆಸೇಜ್ ಬರ್ತದೆ.

ಖರ್ಚು ತಿಂಗಳಿಗೆ 2,400, ಶೇಕಡಾ 18 ಜಿಎಸ್‌ಟಿ ಸೇರಿ 2,832. ವರ್ಷಕ್ಕೆ 33,984. ಇದರಲ್ಲಿ ಒಂದು ಸಂಗತಿ ಮಾರುವಾಗ ಹೇಳುವುದಿಲ್ಲ: ಗಿರಾಕಿಯ ಕರೆಯನ್ನ ನಮ್ಮ ಮೊಬೈಲಿಗೆ ತಿರುಗಿಸ್ತಾರಲ್ಲ, ಆ ತಿರುಗಿಸಿದ್ದಕ್ಕೂ ನಿಮಿಷದ ಲೆಕ್ಕ. ದಸರಾ ರಜೆಯಲ್ಲಿ ಪ್ಲಾನಿನ ನಿಮಿಷ ಎಲ್ಲ ತೀರಿ 1,500 ಟಾಪ್‌ಅಪ್ ಹಾಕಬೇಕಾಯ್ತು. ಅದರ ಸಿಟ್ಟು ನನಗೆ ಈಗಲೂ ಉಂಟು. ಆದ್ರೂ ಮಳೆಗಾಲದಲ್ಲಿ ಒಂದು ಬುಕಿಂಗ್ ತಪ್ಪಿಲ್ಲ.

ಎಪಿಎಂಸಿ ಯಾರ್ಡ್, ಅಡಿಕೆ ಮಂಡಿ

ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ ಮೇಡಂ. 1,35,936 ಆಯ್ತು, ಟಾಪ್‌ಅಪ್ ಬಿಟ್ಟು. ನನ್ನದು ಸಿಡಿಲು ಹೊಡೆದೂ 1,07,900.

ಆಗುಂಬೆ ಹತ್ತಿರ, ಹೋಮ್‌ಸ್ಟೇ

ನಿಮ್ಮ ಲೆಕ್ಕದಲ್ಲಿ ಅದನ್ನ ನೋಡ್ಕೊಳ್ಳೋ ಹುಡುಗನ ಸಂಬಳ ಎಲ್ಲುಂಟು? ಫೋನ್ ಸತ್ತಾಗ ಅವನನ್ನ ಕರೆಸಿದ್ದು, ಊಟ, ಪೆಟ್ರೋಲು? ಅದನ್ನೂ ಬರೆದು ಆಮೇಲೆ ನಾಲ್ಕು ವರ್ಷದ ಮಾತಾಡಿ.

ಶಿವಮೊಗ್ಗ, ನರ್ಸಿಂಗ್ ಹೋಮಿನ ಅಕೌಂಟ್ಸ್

ದಯವಿಟ್ಟು ಇದನ್ನ ಓದಿ ಆಮೇಲೆ ಸ್ವಂತದ್ದು ಹಾಕ್ಸಿ. ನಮ್ಮಲ್ಲಿ ಒಬ್ಬರು ಬಂದು ಪಿಬಿಎಕ್ಸ್ ಕೂರಿಸಿಕೊಟ್ಟರು. ಡಾಕ್ಟರು ಮನೆಯಿಂದಲೂ ಎಕ್ಸ್‌ಟೆನ್ಷನ್ (ಒಳಗಿನ ಫೋನ್ ನಂಬರು) ಬಳಸಬೇಕು ಅಂದಿದ್ದಕ್ಕೆ ಇಂಟರ್ನೆಟ್ ಫೋನಿನ ಕರೆಗಳ ಬಾಗಿಲಾದ 5060 ಪೋರ್ಟನ್ನ ಇಡೀ ಇಂಟರ್ನೆಟ್ಟಿಗೆ ತೆರೆದಿಟ್ಟು ಹೋದರು. 101 ನಂಬರಿನ ಎಕ್ಸ್‌ಟೆನ್ಷನ್ನಿಗೆ ಪಾಸ್‌ವರ್ಡೂ 101. ಒಂದು ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಆ ಎಕ್ಸ್‌ಟೆನ್ಷನ್ ಮೂಲಕ ಯಾವಯಾವುದೋ ದೇಶದ ದುಬಾರಿ ನಂಬರುಗಳಿಗೆ ಕರೆ ಹೋಗಿವೆ. ಲೈನ್ ಬಿಜಿ ಅಂತ ರಿಸೆಪ್ಷನ್ ಹುಡುಗಿ ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ಬಿಲ್ಲು 1,86,000. ಲೈನ್ ಕೊಟ್ಟ ಕಂಪನಿ "ಕರೆ ನಿಮ್ಮ ಲೈನಿಂದಲೇ ಹೋಗಿದೆ, ಕಟ್ಟಿ" ಅಂತು. ಸೈಬರ್ ಠಾಣೆಗೆ ದೂರು ಕೊಟ್ಟೆವು, ಕೂರಿಸಿದವರು ಫೋನೇ ಎತ್ತಲಿಲ್ಲ. ಕೊನೆಗೆ ಕಂತಿನ ಮೇಲೆ ಕಟ್ಟಿದ್ದು ನಾವೇ. ಆ ಪೆಟ್ಟಿಗೆ ತೆಗೆಸಿ ಬಾಡಿಗೆಯದಕ್ಕೆ ಹೋದೆವು. ಈಗ ನಿದ್ದೆ ಬರುತ್ತೆ.

ಭದ್ರಾವತಿ, ಐಪಿ ಫೋನ್ ಕೂರಿಸುವವರು

ಬಾಗಿಲು ತೆರೆದಿಟ್ಟು ಹೋದವನ ತಪ್ಪಿಗೆ ಮನೆ ಕಟ್ಟೋದೇ ತಪ್ಪು ಅಂದ ಹಾಗಾಯ್ತು ಸರ್. ಆಸ್ಟರಿಸ್ಕ್ 1999ರಿಂದ ಇದೆ, ಪ್ರಪಂಚದ ದೊಡ್ಡ ದೊಡ್ಡ ಕಾಲ್ ಸೆಂಟರುಗಳು ಅದರ ಮೇಲೆ ನಡೆದಿವೆ. 5060 ಹೊರಗೆ ಕಂಡರೆ ಸ್ಕ್ಯಾನ್ ಮಾಡೋರು ಹಗಲೂ ರಾತ್ರಿ ಬರ್ತಾರೆ, ಇದು ಈ ಕೆಲಸ ಮಾಡೋ ಪ್ರತಿಯೊಬ್ಬನಿಗೂ ಗೊತ್ತಿರಬೇಕು. ನಾನು ಕೂರಿಸಿದ ಕಡೆ ಬ್ರಾಂಚುಗಳು, ಮನೆಯ ಫೋನುಗಳು ಎಲ್ಲ ವಿಪಿಎನ್ ಒಳಗೆ, ಅಂದರೆ ಹೊರಗಿನವರಿಗೆ ಕಾಣದ ಖಾಸಗಿ ದಾರಿಯಲ್ಲಿ. ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಹಾಕೋರನ್ನ ತಡೆಯೋ ಫೇಲ್‌ಟುಬ್ಯಾನ್ ಕಡ್ಡಾಯ. ಪಾಸ್‌ವರ್ಡ್ ಯಂತ್ರವೇ ಹುಟ್ಟಿಸಿದ ಇಪ್ಪತ್ತು ಅಕ್ಷರದ್ದು. ಎಲ್ಲಕ್ಕಿಂತ ಮುಖ್ಯ, ಲೈನ್ ಕೊಡುವ ಕಂಪನಿಗೆ ಬರಹದಲ್ಲಿ ಅರ್ಜಿ ಕೊಟ್ಟು ಐಎಸ್‌ಡಿ ಮುಚ್ಚಿಸೋದು. ಅಷ್ಟು ಮಾಡಿದ್ದರೆ ಪಾಸ್‌ವರ್ಡ್ ಕದ್ದರೂ ಹೊರದೇಶಕ್ಕೆ ಕರೆ ಹೋಗ್ತಿರಲಿಲ್ಲ. ನನ್ನ ಗಿರಾಕಿ ಒಬ್ಬರಿಗೂ ಇಂಥ ಬಿಲ್ ಬಂದಿಲ್ಲ.

ಶಿವಮೊಗ್ಗ, ನರ್ಸಿಂಗ್ ಹೋಮಿನ ಅಕೌಂಟ್ಸ್

ನೀವು ಒಳ್ಳೆಯವರು ಅಂತಲೇ ಇಟ್ಕೊಳ್ಳೋಣ. ನಮಗೆ ಕೂರಿಸಿದವರೂ ಕೂರಿಸುವಾಗ ಹೀಗೇ ಮಾತಾಡಿದ್ದರು. ಫೇಲ್‌ಟುಬ್ಯಾನ್ ಇದೆಯೋ ಇಲ್ಲವೋ ನೋಡೋಕೆ ಅಂಗಡಿಯವರಿಗೆ ಹೇಗೆ ಬರಬೇಕು? ದುಡ್ಡು ಕಟ್ಟಿದವರು ನಾವು, ಪಾಠ ಹೇಳಿಸಿಕೊಳ್ಳೋರೂ ನಾವಾ?

ಸಾಗರ, ಹಾರ್ಡ್‌ವೇರ್ ಅಂಗಡಿ

ಯಾವ ಪೆಟ್ಟಿಗೆಯಾದರೂ ಆಗಲಿ, "ಮಾರಾಟಕ್ಕೆ ಒಂದನ್ನು ಒತ್ತಿ, ಸೇವೆಗೆ ಎರಡನ್ನು ಒತ್ತಿ" ಮಾತ್ರ ಹಾಕಿಸಬೇಡಿ. ನಮಗೆ ಪ್ಯಾಕೇಜಿನ ಜೊತೆ ಅದನ್ನ ಉಚಿತ ಅಂತ ಕೊಟ್ಟರು. ಹೆಣ್ಣಿನ ದನಿ, ಪುಸ್ತಕದ ಕನ್ನಡ, ಹಿಂದೆ ಸಂಗೀತ. ಹೊಸನಗರ ಕಡೆಯ ಹಳಬರೊಬ್ಬರು ಅಂಗಡಿಗೇ ಬಂದು "ನಿಮ್ಮಲ್ಲಿ ಯಾರೋ ಹೆಂಗಸು ನಾನು ಹೇಳಿದ್ದು ಕೇಳದೆ ತಾನೇ ಮಾತಾಡ್ತಾಳೆ" ಅಂದು ಬೇರೆ ಅಂಗಡಿಯಲ್ಲಿ ಪೈಪ್ ತಗೊಂಡು ಹೋದರು. ಆ ದಿನವೇ ತೆಗೆಸಿದೆ. ಈಗ ಕರೆ ಬಂದರೆ ಮೂರೂ ಮೇಜಿನ ಫೋನ್ ಒಟ್ಟಿಗೆ ಹೊಡ್ಕೊಳ್ಳುತ್ತೆ, ಯಾರ ಕೈ ಖಾಲಿ ಇದೆಯೋ ಅವರು ಎತ್ತುತ್ತಾರೆ.

ಇನ್ನೊಂದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡುವಾಗ ಮೊದಲು ಸೊನ್ನೆ ಹಾಕಬೇಕು. ನಮ್ಮ ಹಳೇ ಇಪಿಎಬಿಎಕ್ಸಿನಲ್ಲಿ (ಹಿಂದಿನ ತರದ ಪಿಬಿಎಕ್ಸ್) ಹೊರಲೈನು ಹಿಡಿಯೋಕೇ ಒಂದು ಸೊನ್ನೆ. ಹಾಗಾಗಿ ಎರಡು ಸೊನ್ನೆ. ಹುಡುಗರು ಒಂದೇ ಹಾಕಿ "ಲೈನ್ ಕೆಟ್ಟಿದೆ" ಅನ್ನೋರು. ಹೊಸದು ಹಾಕಿಸುವಾಗ ಆ ಸೊನ್ನೆ ತಾನೇ ಸೇರಿಕೊಳ್ಳೋ ಹಾಗೆ ಮಾಡಿಸಿ.

ಸೊರಬ, ಶುಂಠಿ ವ್ಯಾಪಾರ

ಸಾಗರದವರೇ, ರೈತರನ್ನ ದಡ್ಡರು ಅಂದ್ಕೋಬೇಡಿ. ನಮ್ಮ ಕಡೆ ಎಪ್ಪತ್ತು ದಾಟಿದವರೂ ಒಂದು ಒತ್ತಿ ದರ ಕೇಳ್ತಾರೆ, ಎರಡು ಒತ್ತಿ ಲಾರಿ ಕೇಳ್ತಾರೆ. ನಮ್ಮದರಲ್ಲಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದ್ದು, ನಮ್ಮೂರ ಮಾತಲ್ಲಿ, ಎರಡೇ ಸಾಲು. ತೊಂದರೆ ನಿಮ್ಮ ಪುಸ್ತಕದ ಕನ್ನಡದ್ದು, ರೈತರದ್ದಲ್ಲ.

ಸಾಗರ, ಹಾರ್ಡ್‌ವೇರ್ ಅಂಗಡಿ

ದಡ್ಡರು ಅಂತ ನಾನೆಲ್ಲಿ ಬರೆದೆ? ನಾನೂ ರೈತರ ಮನೆಯವನೇ. ನೀವು ಮಾರೋದು ಒಂದೇ ಮಾಲು. ನಮ್ಮಲ್ಲಿ ಮೊಳೆಯಿಂದ ಮೋಟಾರಿನವರೆಗೆ ಇದೆ, ಯಾವುದಕ್ಕೆ ಯಾವ ನಂಬರು ಒತ್ತಿಸಲಿ?

ಹೊಸನಗರ, ಬೇಕರಿ ಮತ್ತು ಕ್ಯಾಟರಿಂಗ್

ಇಷ್ಟೆಲ್ಲ ಯಾಕೆ? ಸಿಮ್ ಹಾಕೋ ಗೇಟ್‌ವೇ ಸಿಗುತ್ತೆ. ನಾಲ್ಕು ಅನ್‌ಲಿಮಿಟೆಡ್ ಸಿಮ್ ಹಾಕಿ, ಪಿಬಿಎಕ್ಸಿಗೆ ಸೇರಿಸಿ. ಲ್ಯಾಂಡ್‌ಲೈನೂ ಬೇಡ, ಕ್ಲೌಡೂ ಬೇಡ.

ಭದ್ರಾವತಿ, ಐಪಿ ಫೋನ್ ಕೂರಿಸುವವರು

ಇದನ್ನ ಇಲ್ಲಿ ಸಲಹೆ ಅಂತ ಕೊಡಬೇಡಿ. ಅನ್‌ಲಿಮಿಟೆಡ್ ಪ್ಲಾನ್ ಇರೋದು ಒಬ್ಬರ ಸ್ವಂತ ಬಳಕೆಗೆ. ಒಂದೇ ಜಾಗದಿಂದ ದಿನವಿಡೀ ಕರೆ ಹೋದರೆ ಕಂಪನಿ ಸಿಮ್ ನಿಲ್ಲಿಸಬಹುದು. ಒಬ್ಬರ ಹೆಸರಲ್ಲಿ ಒಂಬತ್ತು ಸಿಮ್ಮಿಗಿಂತ ಹೆಚ್ಚಿದ್ದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೊದಲ ಸಲಕ್ಕೇ 50,000 ರೂಪಾಯಿವರೆಗೆ ದಂಡ. ಹೊರದೇಶದ ಕರೆಯನ್ನ ಕದ್ದು ಲೋಕಲ್ ಕರೆಯಾಗಿ ದಾಟಿಸೋ ಅಕ್ರಮ ಎಕ್ಸ್‌ಚೇಂಜ್ ನಡೆಸೋರು ಬಳಸೋದೂ ಇದೇ ಜಾತಿಯ ಪೆಟ್ಟಿಗೆ. ಪೊಲೀಸರು ಬಾಗಿಲಿಗೆ ಬಂದಾಗ ಕೇಕ್ ಆರ್ಡರಿಗೆ ಇಟ್ಟಿದ್ದು ಅಂತ ಹೇಳಿಕೊಂಡು ಅಲೆಯೋರು ಯಾರು?

ಹೊಸನಗರ, ಬೇಕರಿ ಮತ್ತು ಕ್ಯಾಟರಿಂಗ್

ನಾಲ್ಕು ಸಿಮ್ಮಿಗೆ ಒಂಬತ್ತರ ಕಾನೂನು ಹೇಳ್ತೀರಲ್ಲ. ನಿಮ್ಮ ವ್ಯಾಪಾರ ಹೋಗುತ್ತೆ ಅಂತ ಹೆದರಿಸ್ತೀರಿ. ಎಲ್ಲ ಸಿಮ್ಮೂ ನನ್ನ ಹೆಸರಲ್ಲಿದೆ, ಬರೋ ಕರೆಗಷ್ಟೇ ಬಳಸ್ತೀನಿ.

ಕೇಳಿದವರು: ಶಿವಮೊಗ್ಗ, ಕೃಷಿ ಯಂತ್ರದ ಅಂಗಡಿ

ಎಲ್ಲರಿಗೂ ಧನ್ಯವಾದ. ತೀರ್ಥಹಳ್ಳಿ ಬ್ರಾಂಚಿನ ನೆಟ್ಟಿನಲ್ಲಿ ಇದು ನಡೆಯುತ್ತಾ ಅಂತ ಯಾರೂ ಹೇಳಲಿಲ್ಲ. ನಮ್ಮ ಹಳೇ ಲ್ಯಾಂಡ್‌ಲೈನ್ ನಂಬರೂ ಉಳಿಯಬೇಕು.

ಭದ್ರಾವತಿ, ಐಪಿ ಫೋನ್ ಕೂರಿಸುವವರು

ಮೇಡಂ, ಒಂದು ಕರೆಗೆ ಹೋಗೋಕೆ ಬರೋಕೆ ತಲಾ 87 ಕೆಬಿಪಿಎಸ್ ಸಾಕು, ಅದೂ ದನಿಯನ್ನ ಒತ್ತಿ ಚಿಕ್ಕದು ಮಾಡದ ಜಿ.711 ಕೋಡೆಕ್‌ನಲ್ಲಿ (ದನಿಯನ್ನ ಡೇಟಾ ಮಾಡೋ ವಿಧಾನ). ವೇಗದ ಪ್ರಶ್ನೆಯೇ ಅಲ್ಲ, ನೆಟ್ ನಿಲ್ಲದೆ ಇರೋದು ಮುಖ್ಯ. ನಿಮ್ಮ ಮಾತು ಅವರಿಗೆ ಕೇಳುತ್ತೆ, ಅವರದ್ದು ನಿಮಗೆ ಕೇಳಲ್ಲ ಅಂತಾದರೆ ಮೊದಲು ರೂಟರಿನಲ್ಲಿ ಸಿಪ್ ಎಎಲ್‌ಜಿ ಅಂತ ಇರೋದನ್ನ ಆಫ್ ಮಾಡಿ.

ಆಗುಂಬೆ ಹತ್ತಿರ, ಹೋಮ್‌ಸ್ಟೇ

ನಂಬರ್ ಉಳಿಸೋಕೆ ಪೋರ್ಟ್ ಎಂತಕ್ಕೆ? ಲ್ಯಾಂಡ್‌ಲೈನ್ ಇಟ್ಕೊಂಡೇ ಅದರ ಮೇಲೆ ಕಾಲ್ ಫಾರ್ವರ್ಡ್ ಹಾಕಿ ಕ್ಲೌಡ್ ನಂಬರಿಗೆ ಕಳಿಸಿ. ಫಾರ್ವರ್ಡ್ ಆಗೋದು ಎಕ್ಸ್‌ಚೇಂಜಿನಲ್ಲಿ. ನಿಮ್ಮ ಮನೆ ಮುಂದಿನ ತಂತಿ ಹರಿದು ಬಿದ್ದಿದ್ರೂ ಕರೆ ಹೋಗ್ತದೆ. ಮಂಡಿಯವರು ಇದನ್ನ ಮೊದಲೇ ಕೇಳಿದ್ರೆ ಮುಂಗಡ ಉಳೀತಿತ್ತು.

ಎಪಿಎಂಸಿ ಯಾರ್ಡ್, ಅಡಿಕೆ ಮಂಡಿ

ಫಾರ್ವರ್ಡ್ ಹಾಕಿದರೆ ಲ್ಯಾಂಡ್‌ಲೈನ್ ಬಾಡಿಗೆ, ಕ್ಲೌಡ್ ಬಾಡಿಗೆ, ತಿರುಗಿಸಿದ ನಿಮಿಷ, ಮೂರೂ ಕಟ್ಟಬೇಕು. ಅದನ್ನೂ ಬರೀರಿ ಮೇಡಂ.

ಕೊಪ್ಪ, ಕಾಫಿ ಮತ್ತು ಮೆಣಸು

ಎಲ್ಲರೂ ಪೆಟ್ಟಿಗೆ ವಿಷಯ ಹೇಳ್ತೀರಿ, ಕರೆಂಟಿನ ವಿಷಯ ಯಾರೂ ಹೇಳುವುದಿಲ್ಲ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರ್ತಿತ್ತು, ಊರಿಗೆ ಕರೆಂಟ್ ಇಲ್ಲದಿದ್ರೂ ಫೋನ್ ಜೀವಂತ. ಈಗ ಹೆಚ್ಚಿನ ಕಡೆ ಲ್ಯಾಂಡ್‌ಲೈನ್ ಬರೋದೇ ಫೈಬರ್ ಪೆಟ್ಟಿಗೆಯಿಂದ. ಪೆಟ್ಟಿಗೆ ಆರಿದ್ರೆ ಲ್ಯಾಂಡ್‌ಲೈನೂ ಸತ್ತಿತು. ನಾನು ಫೈಬರ್ ಪೆಟ್ಟಿಗೆ, ಸ್ವಿಚ್, ಪಿಬಿಎಕ್ಸ್ ಮೂರಕ್ಕೇ ಅಂತ ಬೇರೆ ಇನ್ವರ್ಟರ್ ಇಟ್ಟೆ: ಬ್ಯಾಟರಿ ಸೇರಿ 21,400. ಮನೆ ಇನ್ವರ್ಟರಿಗೆ ಸೇರಿಸಿದ್ರೆ ಯಾರೋ ಮಿಕ್ಸಿ ಹಾಕ್ತಾರೆ, ಫೋನ್ ಹೋಗ್ತದೆ. ಪಿಬಿಎಕ್ಸನ್ನ ಮೆಮೊರಿ ಕಾರ್ಡಿನಲ್ಲಿ ಓಡಿಸಬೇಡಿ, ಕರೆಂಟ್ ಹೋಗಿ ಬಂದು ಕಾರ್ಡು ಕೆಡ್ತದೆ. ಎಸ್‌ಎಸ್‌ಡಿ ಹಾಕಿಸಿ.

ಫೈಬರಿಗೆ ಸಿಡಿಲು ಬರುವುದಿಲ್ಲ ಅಂತಲೂ ನಂಬಬೇಡಿ. ಗಾಜಿನ ಎಳೆ ಕರೆಂಟ್ ತರೋದಿಲ್ಲ, ಅದಕ್ಕೆ ಆಸರೆಯಾಗಿ ಬರೋ ಕಬ್ಬಿಣದ ತಂತಿ ತರ್ತದೆ. ಗೋಡೆಯಿಂದ ಹೊರಗೇ ಆ ತಂತಿ ಕತ್ತರಿಸಿ, ಬರೀ ಎಳೆಯನ್ನ ಒಳಗೆ ತಗೊಳ್ಳಿ. ಮಂಡಿಯವರ ಅರ್ಥಿಂಗ್ ಗುಂಡಿ ಉಪ್ಪು ಇದ್ದಿಲಿನದ್ದೇ ಇರಬೇಕು. ಮಲೆನಾಡಿನ ಮಳೆಗೆ ಉಪ್ಪು ತೊಳೆದು ಹೋಗ್ತದೆ, ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗ್ತದೆ. ಗುಡುಗು ಬರೋದೂ ಆಗಲೇ.

ಎಪಿಎಂಸಿ ಯಾರ್ಡ್, ಅಡಿಕೆ ಮಂಡಿ

ನಮ್ಮ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿಸ್ತೀನಿ, ಉಪ್ಪೂ ಹಾಕಿಸ್ತೀನಿ. ಆ ಗುಂಡಿ ಆದಮೇಲೆ ಒಂದು ಪೋರ್ಟೂ ಸುಟ್ಟಿಲ್ಲ. ನೋಡದೆ ಮಾತಾಡಬೇಡಿ.

ಕೊಪ್ಪ, ಕಾಫಿ ಮತ್ತು ಮೆಣಸು

ಸುಟ್ಟಿಲ್ಲ ಅಂದ್ರೆ ಹತ್ತಿರ ಸಿಡಿಲು ಬಿದ್ದಿಲ್ಲ ಅಂತಲೂ ಆಗ್ತದೆ. ಏಪ್ರಿಲ್‌ನಲ್ಲಿ ಅರ್ಥ್ ಟೆಸ್ಟರ್ ಇಟ್ಟು ಅಳೆಸಿ, ನೆಲದ ತಡೆ ಎಷ್ಟು ಓಮ್ ಬಂತು ಅಂತ ಇಲ್ಲಿ ಹಾಕಿ. ಐದರ ಒಳಗೆ ಬಂದ್ರೆ ನಿಮ್ಮ ಮಾತು ಒಪ್ಪುತ್ತೇನೆ.