ಮೈನಸ್ ಹತ್ತು ಗಜ! ಜೆಟ್ಸ್ ಟೀಮಿಗೆ ನೆಟ್ಟಗಿರುವ ಒಬ್ಬ ಕ್ವಾರ್ಟರ್‌ಬ್ಯಾಕ್ ಸಿಗುವುದು ಯಾವಾಗ?

ನಿದ್ದೆಗೆಟ್ಟವ, ಸರಸ್ವತಿಪುರಂ

ಇಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುವವರು ನಾಲ್ಕೈದು ಜನ ಇದ್ದರೆ ಜಾಸ್ತಿ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ. ಮತ್ತೆ ಯಾರ ಹತ್ತಿರ ಹೇಳಿಕೊಳ್ಳಲಿ? ಮನೆಯಲ್ಲಿ ಈ ವಿಷಯ ಎತ್ತಿದರೆ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

2010ರಲ್ಲಿ ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಪಕ್ಕದ ಸೀಟಿನವನು ನ್ಯೂಯಾರ್ಕ್ ಜೆಟ್ಸ್ ಹುಚ್ಚ. ಅವನ ಜೊತೆ ಸುಮ್ನೆ ನೋಡೋಣ ಅಂತ ಕೂತವನಿಗೆ ನನಗೂ ಹುಚ್ಚು ಹಿಡಿಯಿತು. 2011ರ ಜನವರಿಯಲ್ಲಿ ಪ್ಲೇಆಫ್, ಪೇಟ್ರಿಯಟ್ಸ್ ಟೀಮಿನ ಮನೆಗೇ ಹೋಗಿ 28–21ರಲ್ಲಿ ಬಡಿದು ಬಂದರು. ಆ ಕಡೆ ಇದ್ದವನು ಈ ಆಟದ ಅತಿ ದೊಡ್ಡ ಹೆಸರುಗಳಲ್ಲೊಂದು, ಟಾಮ್ ಬ್ರೇಡಿ! ಮುಂದಿನ ವಾರ ಪಿಟ್ಸ್‌ಬರ್ಗ್ ಹತ್ತಿರ ಸೋತರು, ಅದು ಬಿಡಿ, ಬರುವ ವರ್ಷ ನಮ್ಮದೇ ಅಂದುಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಜೆಟ್ಸ್ ಪ್ಲೇಆಫ್ ಮುಖವನ್ನೇ ನೋಡಿಲ್ಲ. ನಾನು ಮೈಸೂರಿಗೆ ವಾಪಸ್ ಬಂದೆ, ಮದುವೆಯಾಯಿತು, ಮಗಳು ಐದನೇ ಕ್ಲಾಸು ಓದುತ್ತಿದ್ದಾಳೆ. ಇವರು ಮಾತ್ರ ಇನ್ನೂ ಕ್ವಾರ್ಟರ್‌ಬ್ಯಾಕ್ ಹುಡುಕುತ್ತಲೇ ಇದ್ದಾರೆ.

ಈಗ ಮೊನ್ನೆ ಭಾನುವಾರದ (2025ರ ಅಕ್ಟೋಬರ್ 12) ಕಥೆ. ಮಾಮೂಲಾಗಿ ನಮಗೆ ಮ್ಯಾಚ್ ಶುರುವಾಗುವುದೇ ರಾತ್ರಿ ಹತ್ತೂವರೆಗೆ, ಅಮೆರಿಕದಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಇಟ್ಟ ಮೇಲೆ ಹನ್ನೊಂದೂವರೆಗೆ. ಈ ಸಲ ಲಂಡನ್‌ನಲ್ಲಿ ಡೆನ್ವರ್ ಬ್ರಾಂಕೋಸ್ ಜೊತೆ ಮ್ಯಾಚ್ ಇತ್ತು, ನಮಗೆ ಸಂಜೆ ಏಳಕ್ಕೇ. ಜನ ಎದ್ದಿರುವ ಹೊತ್ತಿನಲ್ಲಿ ಒಂದು ಮ್ಯಾಚ್! ಖುಷಿಗೆ ಭಾವಮೈದನನ್ನು ಕರೆದೆ, ಪಕ್ಕದ ಮನೆಯ ರಿಟೈರ್ಡ್ ಲೆಕ್ಕದ ಮೇಷ್ಟ್ರನ್ನೂ ಕರೆದೆ. ಚುರುಮುರಿ ಕಟ್ಟಿಸಿಕೊಂಡು ಬಂದೆ. ಟೀಪಾಯಿ ಮೇಲೆ ಕಡ್ಲೆಕಾಯಿ ಜೋಡಿಸಿ ಇದು ನಮ್ಮ ಲೈನು, ಇದು ಅವರ ಲೈನು, ಈ ದಪ್ಪ ಕಾಯಿ ಕ್ವಾರ್ಟರ್‌ಬ್ಯಾಕು ಅಂತ ಅರ್ಧ ಗಂಟೆ ಪಾಠ ಮಾಡಿದೆ.

13–11 ಸೋಲು. ಸ್ಕೋರ್ ನೋಡಿದವರು ಪರವಾಗಿಲ್ಲ, ಹತ್ತಿರ ಬಂದಿದ್ದಾರೆ ಅನ್ನಬಹುದು. ಲೆಕ್ಕ ನೋಡಿ. ನಮ್ಮ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ 17 ಸಲ ಎಸೆದ, 9 ನಮ್ಮವರ ಕೈಗೆ ಸಿಕ್ಕಿತು, ಬಂದಿದ್ದು 45 ಗಜ. 9 ಸಲ ಚೆಂಡು ಕೈಯಲ್ಲಿ ಇಟ್ಟುಕೊಂಡೇ ನೆಲ ಕಚ್ಚಿದ, ಹೋಗಿದ್ದು 55 ಗಜ. ಕಳೆದರೆ ಮೈನಸ್ 10. ಒಂದು ಟಚ್‌ಡೌನ್ ಇಲ್ಲ, ಅಂದರೆ ಚೆಂಡನ್ನು ಅವರ ಕೊನೆ ಗೆರೆ ದಾಟಿಸಿದ್ದು ಒಂದು ಸಲವೂ ಇಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಅಂದ್ರೆ ಇವನು ಎಸೆಯೋಕೆ ಹೋಗದೆ ಸುಮ್ನೆ ನಿಂತಿದ್ರೆ ಹತ್ತು ಗಜ ಲಾಭ ಇತ್ತು ಅಲ್ವಾ?" ಅಂದರು. ವ್ಯಂಗ್ಯ ಅಲ್ಲ, ನಿಜವಾಗಿಯೂ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವಮೈದ ಅಷ್ಟು ಹೊತ್ತಿಗೆ ದಪ್ಪ ಕಡ್ಲೆಕಾಯಿಯನ್ನು ಬಿಡಿಸಿ ತಿಂದಿದ್ದ.

ಈ ಸೀಸನ್ನಿನಲ್ಲಿ ಆರು ಮ್ಯಾಚು, ಆರೂ ಸೋಲು. ನಾನು ಕಂಡ ಕ್ವಾರ್ಟರ್‌ಬ್ಯಾಕ್‌ಗಳನ್ನೇ ನೋಡಿ: ಸ್ಯಾಂಚೆಜ್, ಜೀನೋ ಸ್ಮಿತ್, ಡಾರ್ನಾಲ್ಡ್, ಜ್ಯಾಕ್ ವಿಲ್ಸನ್, ರಾಜರ್ಸ್, ಈಗ ಫೀಲ್ಡ್ಸ್. ಮಧ್ಯೆ ಬಂದು ಹೋದವರ ಹೆಸರು ನನಗೇ ಮರೆತಿದೆ. ನನ್ನ ಪ್ರಶ್ನೆ ಇಷ್ಟೇ. ತಪ್ಪು ಈ ಹುಡುಗರದ್ದಾ, ಟೀಮಿನದ್ದಾ? ಇನ್ನೊಂದು, ನಲವತ್ತೆರಡನೇ ವಯಸ್ಸಿನಲ್ಲಿ ಟೀಮ್ ಬದಲಾಯಿಸಿದರೆ ಜನ ಏನಾದರೂ ಅಂದುಕೊಳ್ಳುತ್ತಾರಾ?

ಕೆರೆ ಏರಿ ವಾಕಿಂಗ್, ಕುಕ್ಕರಹಳ್ಳಿ

ಟೀಮಿನದ್ದು. ಇದರಲ್ಲಿ ಅನುಮಾನವೇ ಬೇಡ.

ಒಂದು ಮನೆಗೆ ಆರು ಜನ ಸೊಸೆಯರು ಬಂದು ಆರೂ ಜನ ಅಳುತ್ತಾ ಹೋದರೆ ಊರವರು ಸೊಸೆಯರನ್ನು ಬೈಯುತ್ತಾರಾ, ಅತ್ತೆಯನ್ನು ಬೈಯುತ್ತಾರಾ? ಜೀನೋ ಸ್ಮಿತ್ ಕಥೆ ತಗೊಳ್ಳಿ. 2013ರಲ್ಲಿ ಡ್ರಾಫ್ಟ್‌ನ (ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸುವುದು) ಎರಡನೇ ರೌಂಡಿನಲ್ಲಿ ಆರಿಸಿಕೊಂಡರು. 2015ರಲ್ಲಿ ಸೀಸನ್ ಶುರುವಾಗುವ ಮೊದಲೇ ಸ್ವಂತ ಟೀಮಿನವನೊಬ್ಬ ಲಾಕರ್ ರೂಮಿನಲ್ಲಿ ಗುದ್ದಿ ದವಡೆ ಮುರಿದ. ಸ್ವಂತ ಟೀಮಿನವನು! ಆಮೇಲೆ ವರ್ಷಗಟ್ಟಲೆ ಬೇರೆ ಬೇರೆ ಟೀಮಿನ ಬೆಂಚು ಬಿಸಿ ಮಾಡಿ, 2022ರಲ್ಲಿ ಸಿಯಾಟಲ್‌ನಲ್ಲಿ ಎಂಥಾ ಆಟ ಆಡಿದ, ಮತ್ತೆ ಎದ್ದು ಬಂದ ಆಟಗಾರ ಅಂತ ಲೀಗ್ ಪ್ರಶಸ್ತಿಯನ್ನೇ ಕೊಟ್ಟರು.

ಡಾರ್ನಾಲ್ಡ್ ಇನ್ನೂ ಪಾಪ. 2018ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಬಂದ, ವಯಸ್ಸು ಆಗ ಇಪ್ಪತ್ತು. ಮೂರು ವರ್ಷದಲ್ಲಿ ಇಬ್ಬರು ಹೆಡ್ ಕೋಚ್. ಒಬ್ಬ ಕಲಿಸಿದ್ದನ್ನು ಇನ್ನೊಬ್ಬ ಬಂದು ಮರೆತುಬಿಡು ಅಂದ. 2019ರಲ್ಲಿ ಪೇಟ್ರಿಯಟ್ಸ್ ಎದುರು 33–0 ಸೋತರಲ್ಲ, ಆ ದಿನ ನಾಲ್ಕು ಇಂಟರ್‌ಸೆಪ್ಶನ್, ಅಂದರೆ ಇವನು ಎಸೆದ ಚೆಂಡನ್ನು ನಾಲ್ಕು ಸಲ ಎದುರಾಳಿಗಳೇ ಹಿಡಿದರು. ಬೆಂಚಿನ ಮೇಲೆ ಕೂತು "ದೆವ್ವ ಕಾಣಿಸ್ತಿವೆ" ಅಂದಿದ್ದು ಮೈಕಿನಲ್ಲಿ ಸಿಕ್ಕಿ ಇಡೀ ದೇಶ ಕೇಳಿಸಿಕೊಂಡಿತು. ಎಲ್ಲರೂ ನಕ್ಕರು. ಅದೇ ಡಾರ್ನಾಲ್ಡ್ 2024ರಲ್ಲಿ ಮಿನೆಸೋಟಾದಲ್ಲಿ 14 ಮ್ಯಾಚ್ ಗೆಲ್ಲಿಸಿ 35 ಟಚ್‌ಡೌನ್ ಎಸೆದ. ತೋಳು ಅದೇ, ಮನುಷ್ಯ ಅದೇ. ಮನೆ ಬೇರೆ.

ರಾಜರ್ಸ್ ವಿಷಯಕ್ಕೆ ನಾನು ಹೋಗುವುದಿಲ್ಲ, ಅದು ನಿಮಗೇ ಗೊತ್ತು.

ಅರಳೀಮರ ಕಟ್ಟೆ

ಸಾರ್ ಮಧ್ಯದಲ್ಲಿ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಟೈಟಲ್ ನೋಡಿ ಬಂದೆ. ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು? ಫುಟ್‌ಬಾಲ್ ಅಂತೀರಿ, ಕೈಯಲ್ಲಿ ಎಸೆದ ಅಂತೀರಿ. ಎಸೆದರೆ ಫೌಲ್ ಅಲ್ವಾ?

ಆಲೆಮನೆ, ಮಂಡ್ಯ ಹತ್ತಿರ

ಕಟ್ಟೆ ಅಣ್ಣ, ಇದು ಬೇರೆ ಫುಟ್‌ಬಾಲು. ಚೆಂಡು ಮೊಟ್ಟೆ ಆಕಾರ, ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಹೋಗಲಿಲ್ಲ ಅಂದರೆ ಚೆಂಡು ಅವರಿಗೆ. ಇದರಲ್ಲಿ ಪ್ರತಿ ಸಲ ಚೆಂಡು ಮೊದಲು ಕೈಗೆ ಬರುವುದು ಹೆಚ್ಚೂಕಡಿಮೆ ಯಾವಾಗಲೂ ಒಬ್ಬನಿಗೇ. ಅವನೇ ಕ್ವಾರ್ಟರ್‌ಬ್ಯಾಕ್. ಎಸೆಯಬಹುದು, ಪಕ್ಕದವನ ಕೈಗೆ ಕೊಡಬಹುದು, ತಾನೇ ಓಡಬಹುದು. ತೀರ್ಮಾನಕ್ಕೆ ಸಿಗುವುದು ಎರಡೂವರೆ ಮೂರು ಸೆಕೆಂಡು, ಅಷ್ಟರಲ್ಲಿ ನೂರಿಪ್ಪತ್ತು ಕೆಜಿ ಆಳುಗಳು ಮೈಮೇಲೆ ಬೀಳೋಕೆ ಬರುತ್ತಿರುತ್ತಾರೆ. ಹೆಲ್ಮೆಟ್ ಒಳಗೆ ಸ್ಪೀಕರ್ ಇದೆ, ಕೋಚ್ ಮಾತಾಡಬಹುದು, ಆದರೆ ಆಟ ಶುರು ಮಾಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದೂ ಕಟ್ಟು. ಆಮೇಲೆ ಅವನಿಗೆ ಅವನೇ ಗತಿ.

ನಮ್ಮ ಕಡೆ ಅರ್ಥ ಆಗೋ ಹಾಗೆ ಹೇಳಬೇಕು ಅಂದರೆ ಆಲೆಮನೆಯಲ್ಲಿ ಪಾಕ ನೋಡುವವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಹದಕ್ಕೆ ಬರುವುದು ಒಂದೇ ಗಳಿಗೆ. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗಲ್ಲ, ಸ್ವಲ್ಪ ತಡವಾದರೆ ಸೀದುಹೋಗುತ್ತದೆ. ನಮ್ಮ ದೊಡ್ಡಪ್ಪ ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಸುಕಿ "ಇಳಿಸ್ರೋ" ಅನ್ನುತ್ತಿದ್ದರು, ಅಷ್ಟೇ, ಎರಡನೇ ಮಾತಿಲ್ಲ. ಆದರೆ ಕೆಳಗೆ ಒಲೆಗೆ ಸಿಪ್ಪೆ ಹಾಕುವವನು ಹಸಿ ಸಿಪ್ಪೆ ತುಂಬಿ ಹೊಗೆ ಎಬ್ಬಿಸಿದರೆ ದೊಡ್ಡಪ್ಪ ತಾನೇ ಏನು ಮಾಡಿಯಾರು? ಆ ಒಲೆಯವರೇ ಲೈನು, ಮುಂದೆ ನಿಂತು ತಡೆಯುವ ಐದು ಜನ. ಹಾಗಾಗಿ ವಾಕಿಂಗ್ ಅಕ್ಕ ಹೇಳಿದ್ದು ಅರ್ಧ ನಿಜ.

ಉಳಿದರ್ಧ ಏನಪ್ಪಾ ಅಂದರೆ, ಲಂಡನ್ ಮ್ಯಾಚನ್ನು ನಾನೂ ನೋಡಿದೆ. ಒಂಬತ್ತಕ್ಕೆ ಒಂಬತ್ತೂ ಲೈನಿನ ತಪ್ಪಲ್ಲ. ಡೆನ್ವರ್‌ನವರ ಡಿಫೆನ್ಸ್ ಗಟ್ಟಿ, ಒಪ್ಪಿದೆ. ಆದರೆ ಫೀಲ್ಡ್ಸ್ ಕೈಯಲ್ಲಿ ಚೆಂಡು ಜಾಸ್ತಿ ಹೊತ್ತು ಕೂರುತ್ತದೆ. ಮೊದಲು ನೋಡಿದವನು ಖಾಲಿ ಇಲ್ಲ ಅಂದಾಗ ಎರಡನೆಯವನ ಕಡೆ ಕಣ್ಣು ಹೋಗಬೇಕಲ್ಲ, ಹೋಗುವುದಿಲ್ಲ. ಓಡೋಣವಾ ಎಸೆಯೋಣವಾ ಅಂತ ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ಪಾಕ ಸೀದೇ ಹೋಯಿತು.

ಮೂರನೇ ಡೌನ್, ಕುವೆಂಪುನಗರ

ಅತ್ತೆ ಸೊಸೆ ಕಥೆ ಕೇಳೋಕೆ ಚೆನ್ನಾಗಿದೆ ಅಕ್ಕ, ಆದರೆ ಜ್ಯಾಕ್ ವಿಲ್ಸನ್ ಹೆಸರನ್ನು ಬೇಕಂತಲೇ ಬಿಟ್ಟಿರಿ. 2021ರಲ್ಲಿ ಇಡೀ ಡ್ರಾಫ್ಟ್‌ನಲ್ಲಿ ಎರಡನೆಯವನು. 2022ರ ನವೆಂಬರ್, ಮತ್ತೆ ಅದೇ ಪೇಟ್ರಿಯಟ್ಸ್. ನಮ್ಮ ಡಿಫೆನ್ಸ್ ಅವರಿಗೆ ಬರೀ ಮೂರು ಪಾಯಿಂಟ್ ಬಿಟ್ಟಿತ್ತು, ಮೂರೇ ಮೂರು! ಇವನು 22ರಲ್ಲಿ 9 ಮುಟ್ಟಿಸಿ 77 ಗಜ ತಂದ. ಎರಡನೇ ಅರ್ಧದಲ್ಲಿ ಇಡೀ ಆಫೆನ್ಸ್ ಸೇರಿ ಮುಂದೆ ಹೋಗಿದ್ದು 2 ಗಜ. ನಮ್ಮ ಮನೆ ಬಾಗಿಲಿಂದ ಗೇಟಿಗೇ ಅದಕ್ಕಿಂತ ದೂರ ಇದೆ. ಕೊನೆಗೆ ಐದು ಸೆಕೆಂಡ್ ಇರುವಾಗ ಅವರು ನಾವು ಒದ್ದು ಕಳಿಸಿದ ಚೆಂಡು (ಪಂಟ್) ಹಿಡಿದು 84 ಗಜ ಓಡಿ 10–3 ಮಾಡಿ ಮನೆಗೆ ಹೋದರು.

ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ಮ್ಯಾಚ್ ಆದ ಮೇಲೆ ಪತ್ರಕರ್ತರು ನಿಮ್ಮ ಆಫೆನ್ಸಿನಿಂದ ಡಿಫೆನ್ಸಿಗೆ ಮೋಸ ಆಯ್ತು ಅನ್ನಿಸುತ್ತಾ ಅಂತ ಕೇಳಿದರೆ "ಇಲ್ಲ" ಅಂದ. ಇಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳು ಕಡೇಪಕ್ಷ ನೆಲ ಡೊಂಕು ಅಂತ ಒಂದು ಕಾರಣ ಕೊಟ್ಟಳು. ಮುಂದಿನ ವಾರ ಅವನನ್ನು ಕೂರಿಸಿ ಮೈಕ್ ವೈಟ್‌ನನ್ನು ಆಡಿಸಿದರು, ಸರಿಯಾಗೇ ಮಾಡಿದರು.

ತಮಾಷೆ ಏನು ಗೊತ್ತಾ, ಫೀಲ್ಡ್ಸ್ ಕೂಡ ಅದೇ 2021ರ ಡ್ರಾಫ್ಟ್‌ನವನು. ಹನ್ನೊಂದನೆಯವನಾಗಿ ಶಿಕಾಗೋಗೆ ಹೋದ, ಅಲ್ಲಿಂದ ಪಿಟ್ಸ್‌ಬರ್ಗ್, ಈಗ ಎರಡು ವರ್ಷಕ್ಕೆ 40 ಮಿಲಿಯನ್ ಡಾಲರಿಗೆ ನಮ್ಮ ಹತ್ತಿರ. ಅಂಗಡಿಯಲ್ಲಿ ಒಂದು ಸೀರೆ ತಗೊಂಡು ಬಣ್ಣ ಹೋಯಿತು ಅಂತ ನಾಲ್ಕು ವರ್ಷ ಬಿಟ್ಟು ಅದೇ ಸ್ಟಾಕಿನ ಇನ್ನೊಂದು ತಂದ ಹಾಗಾಯಿತು.

ಕೆರೆ ಏರಿ ವಾಕಿಂಗ್, ಕುಕ್ಕರಹಳ್ಳಿ

ವಿಲ್ಸನ್ ಆ ಉತ್ತರಕ್ಕೆ ನನ್ನ ಹತ್ತಿರ ವಕಾಲತ್ತು ಇಲ್ಲ, ಒಪ್ಪಿದೆ. ಆದರೆ ಇಪ್ಪತ್ತೆರಡರ ಹುಡುಗನನ್ನು ಮೊದಲ ವರ್ಷವೇ, ಮೊದಲ ಮ್ಯಾಚಿಗೇ ತಂದು ನಿಲ್ಲಿಸಿದವರು ಯಾರು? ಒಂದು ವರ್ಷ ಹಿಂದೆ ಕೂತು ನೋಡಿ ಕಲಿಯಲಿ ಅಂತ ಬಿಟ್ಟರಾ? ಸೀರೆಯ ಮಾತು ಮಾತ್ರ ಚೆನ್ನಾಗಿತ್ತು. ಬಣ್ಣ ಹೋದರೆ ಒಗೆದವರನ್ನೂ ಒಂದು ಮಾತು ಕೇಳಿ.

ಹದಿನೆಂಟು ವರ್ಷ ಕಾದವನು, ಮಂಡ್ಯ

ಗುರು, ಟೀಮ್ ಬದಲಾಯಿಸೋ ಮಾತು ಎತ್ತಲೇಬೇಡ. ನಾನು ಆರ್‌ಸಿಬಿಯವನು, ಈ ಆಟ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಈ ನೋವು ಚೆನ್ನಾಗಿ ಗೊತ್ತು. 2008ರಿಂದ ಪ್ರತಿ ಏಪ್ರಿಲ್ಲಿನಲ್ಲಿ ಈ ಸಲ ಕಪ್ ನಮ್ದೇ ಅಂದೆ, ಪ್ರತಿ ಮೇನಲ್ಲಿ ತಮ್ಮ ನನ್ನ ಮುಖ ನೋಡಿ ನಕ್ಕ. ಅವನು ಚೆನ್ನೈ ಸೇರಿಕೊಂಡಿದ್ದ, ಒಂದೇ ಮನೆಯಲ್ಲಿ ಉಂಡು ಬೆಳೆದವನು! ಈ ವರ್ಷ ಜೂನ್ 3ರ ರಾತ್ರಿ ಪಂಜಾಬ್ ಎದುರು ಆರು ರನ್ನಿನಿಂದ ಗೆದ್ದಾಗ ಅವನು ಚಾಪೆ ಹಾಸಿಕೊಂಡು ಮಲಗಿಬಿಟ್ಟ. ನಾನು ಎಬ್ಬಿಸಿ ಟಿವಿ ಮುಂದೆ ಕೂರಿಸಿದೆ.

ನೀವು ಕಪ್ ಗೆದ್ದೇ ಇಲ್ವಾ?

ನಿದ್ದೆಗೆಟ್ಟವ, ಸರಸ್ವತಿಪುರಂ

ಒಂದು ಗೆದ್ದಿದ್ದೇವೆ ಗುರು. 1969ರ ಜನವರಿ. ಜೋ ನೇಮತ್ ಅಂತ ಕ್ವಾರ್ಟರ್‌ಬ್ಯಾಕ್ ಇದ್ದ. ಎಲ್ಲರೂ ಬಾಲ್ಟಿಮೋರ್ ಕೋಲ್ಟ್ಸ್ ಗೆಲ್ಲುತ್ತದೆ ಅಂತಿದ್ದಾಗ, ಗೆಲ್ಲುವವರು ನಾವೇ, ಗ್ಯಾರಂಟಿ ಅಂತ ಮ್ಯಾಚಿಗೆ ಮೊದಲೇ ಹೇಳಿ 16–7 ಗೆದ್ದು ತೋರಿಸಿದ. ಆಮೇಲೆ ಆ ಮನೆಯಲ್ಲಿ ಗ್ಯಾರಂಟಿ ಅನ್ನುವ ಮಾತು ಯಾರ ಬಾಯಲ್ಲೂ ನಿಂತಿಲ್ಲ.

ನಿಮಗೂ ನಮಗೂ ಒಂದು ವ್ಯತ್ಯಾಸ ಇದೆ. ಆ ಹದಿನೆಂಟು ವರ್ಷ ಕಪ್ ಇಲ್ಲದಿದ್ದರೂ ನಿಮಗೆ ಕೊಹ್ಲಿ ಇದ್ದ. ಸೋತ ದಿನವೂ ಅವನ ಒಂದು ಕವರ್ ಡ್ರೈವ್ ನೆನೆಸಿಕೊಂಡು ಮಲಗಬಹುದಿತ್ತು. ನಾನು ಏನು ನೆನೆಸಿಕೊಳ್ಳಲಿ? 2012ರಲ್ಲಿ ಸ್ಯಾಂಚೆಜ್ ಓಡಿ ಹೋಗಿ ಸ್ವಂತ ಟೀಮಿನವನ ಹಿಂಭಾಗಕ್ಕೆ ಡಿಕ್ಕಿ ಹೊಡೆದು ಚೆಂಡು ಬಿಟ್ಟಿದ್ದನ್ನಾ? ಅದನ್ನು ಎದುರಾಳಿ ಎತ್ತಿಕೊಂಡು ಹೋಗಿ ಟಚ್‌ಡೌನ್ ಮಾಡಿದ, ಗೊತ್ತಲ್ಲ.

ವಾಕಿಂಗ್ ಅಕ್ಕ, ರಾಜರ್ಸ್ ವಿಷಯ ನೀವು ಬಿಟ್ಟಿರಿ, ನಾನೇ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರ್ 12, ನಮಗೆ ಮಂಗಳವಾರ ಬೆಳಿಗ್ಗೆ ಐದೂ ಮುಕ್ಕಾಲು. ನಾಲ್ಕು ಸಲ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವನು ನಮ್ಮ ಟೀಮಿಗೆ ಬಂದಿದ್ದ. ಐದಕ್ಕೇ ಎದ್ದು ಡಿಕಾಕ್ಷನ್ ಇಳಿಸಿ, ಟಿವಿ ಸೌಂಡ್ ಪೂರ್ತಿ ಕಮ್ಮಿ ಮಾಡಿ ಕೂತೆ. ನಾಲ್ಕನೇ ಆಟಕ್ಕೇ ಬಿದ್ದ. ಎದ್ದ, ಮತ್ತೆ ತಾನೇ ಕೂತುಬಿಟ್ಟ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದಿತ್ತು, ಇಡೀ ವರ್ಷ ಹೋಯಿತು. ನನ್ನ ಲೋಟದಲ್ಲಿ ಕಾಫಿ ಇನ್ನೂ ಅರ್ಧ ಇತ್ತು, ಬಿಸಿಯಾಗೇ ಇತ್ತು. ಆ ಮ್ಯಾಚನ್ನು ಕೊನೆಗೆ ನಾವೇ ಗೆದ್ದೆವು, ಆದರೆ ಅದನ್ನು ಈಗ ಯಾರೂ ನೆನೆಸಿಕೊಳ್ಳುವುದಿಲ್ಲ. ಈ ವರ್ಷ ಅದೇ ರಾಜರ್ಸ್ ಪಿಟ್ಸ್‌ಬರ್ಗ್ ಅಂಗಿ ಹಾಕಿಕೊಂಡು ಮೊದಲನೇ ಮ್ಯಾಚಿಗೇ ನಮ್ಮ ಮೈದಾನಕ್ಕೆ ಬಂದು ನಾಲ್ಕು ಟಚ್‌ಡೌನ್ ಎಸೆದು 34–32 ಗೆದ್ದು ಹೋದ. ನಿಮ್ಮ ಅತ್ತೆ ಸೊಸೆ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೂ ಅದೇ ದಿನ ಫೀಲ್ಡ್ಸ್ ಕೂಡ ಚೆನ್ನಾಗೇ ಆಡಿದ್ದ. ಎರಡು ಸಲ ತಾನೇ ಓಡಿ ಟಚ್‌ಡೌನ್, ಒಂದು ಎಸೆದಿದ್ದು. ಅದೊಂದೇ ನನ್ನನ್ನು ಹಿಡಿದುಕೊಂಡಿರುವುದು. ಪೂರ್ತಿ ಕೆಟ್ಟವನಾಗಿದ್ದರೆ ಕೈ ತೊಳೆದುಕೊಳ್ಳಬಹುದಿತ್ತು.

ಆಲೆಮನೆ, ಮಂಡ್ಯ ಹತ್ತಿರ

ಅಣ್ಣ, ಬರುವ ಭಾನುವಾರ ಕ್ಯಾರೊಲೈನಾ ಜೊತೆ ಮ್ಯಾಚು, ನಮಗೆ ಹತ್ತೂವರೆಗೆ. ಅವತ್ತು ನೀರು ತುಂಬುವ ಹಬ್ಬ, ಸೋಮವಾರ ಬೆಳಗಿನ ಜಾವ ಎಣ್ಣೆಸ್ನಾನ. ಮ್ಯಾಚ್ ಮುಗಿಯುವಷ್ಟರಲ್ಲಿ ಒಂದೂಮುಕ್ಕಾಲು ಆಗುತ್ತದೆ. ನೋಡ್ತೀರಾ?

ನಿದ್ದೆಗೆಟ್ಟವ, ಸರಸ್ವತಿಪುರಂ

ಹೆಂಡತಿ ಹಂಡೆ ತೊಳೆದು ಸುಣ್ಣದ ಗೆರೆ ಎಳೆಯುವ ಕೆಲಸ ನನಗೇ ಹಚ್ಚಿದ್ದಾಳೆ, ಹೇಗೂ ಅವತ್ತು ಮಲಗುವುದು ತಡ. ಆಮೇಲೆ ಮಲಗಿ ಏಳುವುದಕ್ಕಿಂತ ಸೋಫಾ ಮೇಲೆ ಕೂತಿದ್ದು ನೇರ ಎಣ್ಣೆ ಹಚ್ಚಿಸಿಕೊಳ್ಳುವುದೇ ವಾಸಿ.

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಮೇಷ್ಟ್ರು ಸಿಕ್ಕಿದ್ದರು. ಮುಂದಿನ ಮ್ಯಾಚ್ ಎಷ್ಟು ಹೊತ್ತಿಗೆ, ಕಡ್ಲೆಕಾಯಿ ನಾನೇ ತರುತ್ತೇನೆ ಅಂದರು.