ನೈಟ್ರೋಪ್ರುಸೈಡ್: ಅರ್ಧ ಗಂಟೆ ಬಿಪಿ ಅಲುಗಲಿಲ್ಲ, ಆಮೇಲೆ ಒಮ್ಮೆಲೇ 90/50

ರಾತ್ರಿಪಾಳಿ_ಪುಣೆ:
60 ಕೆಜಿ ರೋಗಿ, ಬಿಪಿ 230/130, ಶ್ವಾಸಕೋಶದಲ್ಲಿ ನೀರು. ಆರ್ಟೀರಿಯಲ್ ಲೈನ್ (ಕ್ಷಣಕ್ಷಣದ ಬಿಪಿ ತೋರಿಸುವ, ಧಮನಿಯೊಳಗಿನ ಕೊಳವೆ) ಇದೆ. ಬಿಪಿ ಇಳಿಸುವ ನೈಟ್ರೋಪ್ರುಸೈಡ್ 50 ಮಿಗ್ರಾಂ ಅನ್ನು 5% ಡೆಕ್ಸ್‌ಟ್ರೋಸ್‌ನಲ್ಲಿ 50 ಮಿಲಿ ಮಾಡಿ, 0.5 ಮೈಕ್ರೋಗ್ರಾಂ/ಕೆಜಿ/ನಿಮಿಷ, ಅಂದ್ರೆ ಗಂಟೆಗೆ 1.8 ಮಿಲಿ. ಅದೇ ಲೂಮೆನ್‌ನಲ್ಲಿ (ಕ್ಯಾತಿಟರ್‌ನ ಒಳನಾಳ) ನೀರಿಳಿಸುವ ಫ್ಯೂರೋಸೆಮೈಡ್ ತಳ್ಳಿದ ತಕ್ಷಣ ಬಿಪಿ ಕುಸಿಯಿತು. ಪಂಪ್ ಕೆಟ್ಟಿದೆಯಾ?

ಡ್ರಿಪ್‌ಲೆಕ್ಕ:
ಪಂಪ್ ಸರಿಯಾಗಿದೆ, ತಪ್ಪು ಲೈನಿನದು. ಸಲೈನ್ ತುಂಬಿದ್ದ ಲೂಮೆನ್ ಮತ್ತು ಕನೆಕ್ಟರ್ ಸೇರಿ 1 ಮಿಲಿ ಜಾಗ ಅಂದುಕೊಳ್ಳಿ. 1.8ರ ವೇಗದಲ್ಲಿ ಔಷಧಿ ರಕ್ತ ಮುಟ್ಟಲು 33 ನಿಮಿಷ. ಮುಟ್ಟಿದ ಮೇಲೆ ಆ 1 ಮಿಲಿಯಲ್ಲಿ ಕೂತಿರೋದು 1000 ಮೈಕ್ರೋಗ್ರಾಂ. ನೀವು ತಳ್ಳಿದ್ದು ಫ್ಯೂರೋಸೆಮೈಡ್ ಅಲ್ಲ, ಅರ್ಧ ಗಂಟೆಯ ನೈಟ್ರೋಪ್ರುಸೈಡ್! ಇದು 1–2 ನಿಮಿಷದಲ್ಲೇ ಕೆಲಸ ಮಾಡುವ ಔಷಧಿ. ಐದು ನಿಮಿಷವಾದರೂ ಬಿಪಿ ಕದಲದಿದ್ದರೆ ಡೋಸ್ ಏರಿಸೋ ಮೊದಲು ಲೈನ್ ನೋಡಿ.

50 ಮಿಗ್ರಾಂ ಅನ್ನು 250 ಮಿಲಿಯಲ್ಲಿ ಹಾಕಿ, ಗಂಟೆಗೆ 9 ಮಿಲಿ ಓಡಿಸಿ. ಲೂಮೆನ್ ಇದಕ್ಕೇ ಮೀಸಲು, ಬೇರೇನೂ ಬೆರೆಸಬೇಡಿ. ಬಿಪಿ ಬಿದ್ದರೆ ಪಂಪ್ ನಿಲ್ಲಿಸಿ, ಕಾಲು ಎತ್ತಿಡಿ. ಪರಿಣಾಮ 10 ನಿಮಿಷದೊಳಗೆ ಇಳಿಯುತ್ತೆ. ಲೈನ್ ಬೇರೆಯದಕ್ಕೆ ಬೇಕಾದರೆ ಫ್ಲಶ್ ಮಾಡದೆ (ಸಲೈನ್ ಒಳಗೆ ತಳ್ಳದೆ), 2–3 ಮಿಲಿ ಹಿಂದಕ್ಕೆಳೆದು ಚೆಲ್ಲಿ.

ರಾತ್ರಿಪಾಳಿ_ಪುಣೆ:
ನೀರು ತುಂಬಿದ ಶ್ವಾಸಕೋಶಕ್ಕೆ ಇನ್ನೂ 250 ಮಿಲಿಯಾ?

ಡ್ರಿಪ್‌ಲೆಕ್ಕ:
ಗಂಟೆಗೆ 9 ಮಿಲಿ ಅಂದ್ರೆ ಎರಡು ಚಮಚಕ್ಕೂ ಕಮ್ಮಿ.

ಐಸಿಯು_ಕಟ್ಟೆ:
ಮೊದಲ ಗಂಟೆಯಲ್ಲಿ ಸರಾಸರಿ ಒತ್ತಡವನ್ನು 25%ಗಿಂತ ಹೆಚ್ಚು ಇಳಿಸಬೇಡಿ: ನಿಮ್ಮ 230/130ರ ಸರಾಸರಿ 163, ಅದಕ್ಕೆ 122ರ ಹತ್ತಿರ ನಿಲ್ಲಿ. (ಮಹಾಧಮನಿ ಸೀಳಿದ್ದರೆ ಲೆಕ್ಕವೇ ಬೇರೆ, ಅಲ್ಲಿ ಬೀಟಾ ಬ್ಲಾಕರ್ ಮೊದಲು.) ಡೋಸ್ 2 ಮೈಕ್ರೋಗ್ರಾಂ/ಕೆಜಿ/ನಿಮಿಷ ದಾಟಿದರೆ ದೇಹ ಕಳೆಯುವುದಕ್ಕಿಂತ ಬೇಗ ಈ ಔಷಧಿಯಿಂದ ಸಯನೈಡ್ ಹುಟ್ಟುತ್ತೆ. ಡೋಸ್ ಏರಿಸಿದಷ್ಟೂ ಬಿಪಿ ಜಗ್ಗದೆ ರಕ್ತದ ಲ್ಯಾಕ್ಟೇಟ್ (ಸಯನೈಡ್ ವಿಷದ ಸುಳಿವು) ಏರುತ್ತಿದ್ದರೆ ಔಷಧಿ ನಿಲ್ಲಿಸಿ, ಸಯನೈಡ್‌ಗೆ ಪ್ರತಿವಿಷವಾದ ಥಯೋಸಲ್ಫೇಟ್ ತರಿಸಿ. 10 ಮೈಕ್ರೋಗ್ರಾಂ/ಕೆಜಿ/ನಿಮಿಷ ಎಂಬ ಗರಿಷ್ಠವೂ 10 ನಿಮಿಷಕ್ಕಷ್ಟೇ. ಕಿಡ್ನಿ ಸೋತವರಲ್ಲಿ ಥಯೋಸಯನೇಟ್ (ಸಯನೈಡ್‌ನಿಂದ ದೇಹದಲ್ಲಾಗುವ ಇನ್ನೊಂದು ವಿಷ) ಬೇರೆ ಕೂಡಿಕೊಳ್ಳುತ್ತೆ.

ಬೆಡ್ ಎಲ್ಲೇ ಇರಲಿ, ಬೆಳಕು ತಾಗದಂತೆ ಬ್ಯಾಗಿಗೆ ಫಾಯಿಲ್ ಸುತ್ತಿ. ತಿಳಿ ಕಂದು ಬಣ್ಣ ಸರಿ. ನೀಲಿ, ಹಸಿರು, ಕಡುಗೆಂಪು ಕಂಡರೆ ಎಸೆಯಿರಿ.

ರಾತ್ರಿಪಾಳಿ_ಪುಣೆ:
ಬ್ಯಾಗ್ ಬದಲಿಸಿದ್ವಿ, 9 ಮಿಲಿ, ಪ್ರತ್ಯೇಕ ಲೂಮೆನ್. ಈಗ 172/98, ಲ್ಯಾಕ್ಟೇಟ್ 1.6. ಲೈನಿಗೆ ಕೆಂಪು ಟೇಪ್ ಅಂಟಿಸಿ ಮರಾಠಿಯಲ್ಲೇ ಬರೆದಿಟ್ಟೆ: ‘ಹೀ ಲಾಈನ್ ಫ್ಲಶ್ ಕರೂ ನಕಾ’ (ಈ ಲೈನ್ ಫ್ಲಶ್ ಮಾಡಬೇಡಿ).